ನಿಮ್ಮ ಬದುಕು, ಇನ್ನೊಬ್ಬರ ಬರಹ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನನ್ನ ಆತ್ಮಕಥೆ ಬರೆದುಕೊಡಲು ಲೇಖಕರೊಬ್ಬರು ಒಪ್ಪಿದ್ದಾರೆ. ಪುಸ್ತಕದ ಹಕ್ಕು ಯಾರದು? ಏಜೆಂಟ್ ಬೇಕೇ?

ಉತ್ತರ: ಬದುಕು ನಿಮ್ಮದಾದರೂ ಬರಹ ಅವರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಮಾನ್ಯವಾಗಿ ಬರೆದವರೇ ಮೊದಲ ಹಕ್ಕುದಾರರು. ಹಣ ಕೊಟ್ಟ ಮಾತ್ರಕ್ಕೆ ಹಕ್ಕು ನಿಮಗೆ ಬಾರದು. ಅವರ ಸಹಿಯಿರುವ ಲಿಖಿತ ಒಪ್ಪಂದ ಬೇಕು. ಅದರಲ್ಲಿ ಅವಧಿ ಕಾಣಿಸದಿದ್ದರೆ ಹಕ್ಕು 5 ವರ್ಷಕ್ಕಷ್ಟೇ, ಪ್ರದೇಶ ಕಾಣಿಸದಿದ್ದರೆ ಭಾರತಕ್ಕಷ್ಟೇ. ಎರಡನ್ನೂ ಮರೆಯದೆ ಬರೆಸಿ.

ಮೊದಲು ಒಂದೇ ಅಧ್ಯಾಯ ಬರೆಸಿ, ಗಟ್ಟಿಯಾಗಿ ಓದಿಸಿ ಕೇಳಿ. ನೀವು 'ಮಳೆ ಹಿಡ್ಕೊಂಡ್ತು' ಎಂದದ್ದು 'ವರ್ಷಧಾರೆ ಸುರಿಯಿತು' ಎಂದಾಗಿದ್ದರೆ ಅದು ನಿಮ್ಮ ದನಿಯಲ್ಲ, ತಿದ್ದಿಸಿ. ಹಣವನ್ನು ಕಂತಿನಲ್ಲಿ ಕೊಡಿ. ಒಳಪುಟದಲ್ಲಿ 'ನಿರೂಪಣೆ' ಎಂದು ಅವರ ಹೆಸರು ಹಾಕಿ. ಕನ್ನಡದಲ್ಲಿ ಅದು ರೂಢಿ, ದುಡಿದವರಿಗೆ ಸಲ್ಲಬೇಕಾದ ಗೌರವವೂ ಹೌದು.

ಕನ್ನಡ ಪುಸ್ತಕಕ್ಕೆ ಏಜೆಂಟ್ ಬೇಕಿಲ್ಲ. ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರಿಗೆ ಕಳಿಸಿ. ಇಂಗ್ಲಿಷ್‌ಗೆ ಅನುವಾದವಾಗುವುದಾದರೆ ಏಜೆಂಟ್ ನೆರವಾಗಬಹುದು. ಅವರ ಪಾಲು ಸಾಮಾನ್ಯವಾಗಿ ಲೇಖಕರ ಗಳಿಕೆಯ ಶೇ. 15ರಷ್ಟು. ಹಸ್ತಪ್ರತಿ ಓದುವುದಕ್ಕೇ ಮುಂಗಡ ಶುಲ್ಕ ಕೇಳುವವರಿಂದ ದೂರವಿರಿ.

ಒಪ್ಪಂದಕ್ಕೆ ಸಹಿ ಬೀಳುವವರೆಗೆ ನಿಮ್ಮ ಡೈರಿ, ಪತ್ರ, ಫೋಟೊಗಳನ್ನು ಯಾರ ಕೈಗೂ ಕೊಡಬೇಡಿ.