ಕಿಣ್ವವನ್ನು ಅಳೆಯುವ ಬಗೆ

ಅಜೀರ್ಣವಾದಾಗ ಶುಂಠಿ, ಮೆಣಸುಗಳ ಸಾರನ್ನು ಉಣ್ಣುವ ರೂಢಿ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಮನೆಗಳಲ್ಲುಂಟು. ಇದರಲ್ಲಿ ನಿಜವೆಷ್ಟೆಂಬುದನ್ನು ನಾವು ಅಳೆದು ತಿಳಿಯಬಹುದೆ? ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯ ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಅವರು 1996ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ನಿದರ್ಶನವಾಗಿದೆ.

ಅವರು ಬಿಳಿ ಇಲಿಗಳಿಗೆ ಸಾಂಬಾರ ಪದಾರ್ಥಗಳನ್ನು ಬೆರೆಸಿದ ಆಹಾರವನ್ನು ಕೊಟ್ಟು, ಅವಿಲ್ಲದ ಆಹಾರವನ್ನು ತಿಂದ ಇಲಿಗಳೊಡನೆ ಹೋಲಿಸಿದರು. ಜೀರ್ಣಕಾರಿಯಾದ ಕಿಣ್ವವು ಕಣ್ಣಿಗೆ ಕಾಣದು. ಆದುದರಿಂದ ಅದು ಮಾಡುವ ಕೆಲಸವನ್ನೇ ಅಳೆಯಬೇಕು. ಸಣ್ಣ ಕರುಳಿನ ಒಳಪೊರೆಯನ್ನು ತಂಪಿನಲ್ಲಿ ಅರೆದು, ಆ ದ್ರವಕ್ಕೆ ಸಕ್ಕರೆಯನ್ನು ಸೇರಿಸಿ, ದೇಹದ ಶಾಖವಾದ 37 ಡಿಗ್ರಿಯಲ್ಲಿ ಗೊತ್ತಾದ ಕಾಲ ಇಡುವರು. ಸುಕ್ರೇಸ್ ಎಂಬ ಕಿಣ್ವವು ಸಕ್ಕರೆಯನ್ನು ಒಡೆದಾಗ ಹುಟ್ಟುವ ಗ್ಲೂಕೋಸಿನ ಪ್ರಮಾಣವೇ ಅದರ ಪಟುತ್ವದ ಅಳತೆ. ಯಕೃತ್ತಿನ ಕಿಣ್ವಗಳಿಗೂ ತತ್ತ್ವ ಇದೇ. ಸೇರಿಸುವ ವಸ್ತು ಮಾತ್ರ ಬೇರೆ.

ಶುಂಠಿಯನ್ನೂ, ಮೆಣಸಿನ ಖಾರಾಂಶವಾದ ಪೈಪರಿನನ್ನೂ ತಿಂದ ಇಲಿಗಳ ಕರುಳಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸಿನ ಪಟುತ್ವ ಹೆಚ್ಚಿತು. ಜೀರಿಗೆ, ಮೆಂತ್ಯಗಳಾದರೋ ಸುಕ್ರೇಸಿನ ಪಟುತ್ವವನ್ನು ತಗ್ಗಿಸಿದವು. ರೂಢಿಯ ಮಾತೆಲ್ಲವೂ ಸುಳ್ಳಲ್ಲ, ಎಲ್ಲವೂ ದಿಟವೂ ಅಲ್ಲ.

ಇಲಿಯ ಕರುಳು ಮನುಷ್ಯನ ಕರುಳಲ್ಲವೆಂಬುದನ್ನು ನಾವು ಮರೆಯಬಾರದು. ಆ ಮೂಕಪ್ರಾಣಿಗಳು ತೆತ್ತ ಜೀವ ವ್ಯರ್ಥವಾಗದಿರಬೇಕಾದರೆ ಅಳತೆಯಲ್ಲಿ ಅಜಾಗರೂಕತೆ ಸಲ್ಲದು. ಕಂಡುದನ್ನು ಹಿಗ್ಗಿಸಿ ಹೇಳುವುದೂ ಸಲ್ಲದು.