ನಮ್ಮ ಮನೆಯ ಬೆಕ್ಕುಗಳು

ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯರು ಭೇಟಿಗೆ ಬಂದಾಗ, ನಮ್ಮ ಕ್ಷೇಮಸಮಾಚಾರವನ್ನು ಕೇಳುವದಕ್ಕೆ ಮುಂಚೆಯೇ ಜಗಲಿಯ ಮೇಲೆ ಕಣ್ಣು ಹಾಯಿಸಿ, “ಚಿಕ್ಕಿ ಎಲ್ಲಿ? ಬೂದ ಇದ್ದಾನೆಯೇ?” ಎಂದು ವಿಚಾರಿಸುವದು ವಾಡಿಕೆಯಾಗಿದೆ. ಇದರಿಂದ ನಮಗೆ ಬೇಸರವೇನೂ ಇಲ್ಲ. ಅವರಲ್ಲಿ ತಾಯಂದಿರಾಗಿರುವವರು, ತಮ್ಮ ಮಕ್ಕಳು ಬೀದಿಯಿಂದ ಎತ್ತಿ ತಂದ ಮರಿಗಳನ್ನು ಸಾಕುವ ಬಗೆ ಹೇಗೆಂದು ಕೇಳುತ್ತಿರುವದರಿಂದ, ಈ ಸಂಚಿಕೆಯಲ್ಲಿ ನಮಗೆ ದೊರೆತ ಪುಟಗಳನ್ನು ಆ ವಿಷಯಕ್ಕೇ ಉಪಯೋಗಿಸುವದು ಯುಕ್ತವೆಂದು ಎಣಿಸಿದ್ದೇವೆ. ಲೆಕ್ಕ ಕಲಿಸುವವರು ತಾವು ತಪ್ಪಿದ ಲೆಕ್ಕವನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಬೇಕಷ್ಟೆ. ಆದಕಾರಣ ತಪ್ಪಿನಿಂದಲೇ ಪ್ರಾರಂಭಿಸುತ್ತೇವೆ.

ನಮ್ಮ ಸಂಸಾರವು ಚಿಕ್ಕದು: ವೃದ್ಧರಾದ ನಮ್ಮ ತಾಯಿಯವರು, ನಮ್ಮಲ್ಲಿದ್ದು ಓದುತ್ತಿರುವ ತಂಗಿಯ ಮಗಳು, ಮತ್ತು ನಾವು. 2018ನೆಯ ಇಸವಿಯ ಜುಲೈ ತಿಂಗಳಲ್ಲಿ, ಮಳೆಯು ಹಗಲೂ ರಾತ್ರಿಯೂ ಸುರಿಯುತ್ತಿರಲಾಗಿ, ಆಗ ಮೂರನೆಯ ತರಗತಿಯಲ್ಲಿದ್ದ ಆ ಮಗುವು ಸೌದೆಕೊಟ್ಟಿಗೆಯಿಂದ ಇನ್ನೂ ಕಣ್ಣು ತೆರೆಯದ ಮೂರು ಬೆಕ್ಕಿನ ಮರಿಗಳನ್ನು ತನ್ನ ಲಂಗದಲ್ಲಿ ಕಟ್ಟಿಕೊಂಡು ಬಂದಳು. ತಾಯಿಯಿಲ್ಲದ ಅನಾಥ ಮರಿಗಳೆಂದು ನಾವು ಮರುಗಿ, ಅವುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟೆವು. ಆ ಸಾಯಂಕಾಲ ಒಂದು ಬೆಕ್ಕು ಕೊಟ್ಟಿಗೆಯ ಸುತ್ತಲೂ ಕೂಗುತ್ತಾ ತಿರುಗಿತು. ನಮ್ಮ ತಾಯಿಯವರು ಕೋಲು ಹಿಡಿದು ಅದನ್ನು ಓಡಿಸಿದರು, ನಾವೂ ಬೇಡವೆನ್ನಲಿಲ್ಲ. ಅದೇ ಆ ಮರಿಗಳ ತಾಯಿಯೆಂದು ನಮಗೆ ಹೊಳೆದದ್ದು ಎರಡು ದಿವಸಗಳ ತರುವಾಯ. ಅಷ್ಟರಲ್ಲಿ ಅದು ಬರುವದನ್ನು ಬಿಟ್ಟಿತ್ತು.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬ ಮಾತನ್ನು ನಾವೆಲ್ಲರೂ ಕೇಳಿದವರೇ. ಆದಾಗ್ಯೂ ಅದರ ಅರ್ಥವನ್ನು ಯೋಚಿಸಿದವರಲ್ಲ. ನೆಲವು ಒದ್ದೆಯಾದರೆ, ಜನಸಂಚಾರ ಹೆಚ್ಚಿದರೆ, ತಾಯಿಬೆಕ್ಕು ಮರಿಗಳನ್ನು ಒಂದೊಂದಾಗಿ ಕುತ್ತಿಗೆಯ ಹಿಂಭಾಗದ ಚರ್ಮದಲ್ಲಿ ಕಚ್ಚಿಕೊಂಡು ಬೇರೆ ಠಾವಿಗೆ ಸಾಗಿಸುತ್ತದೆ. ಈ ಕೆಲಸದ ನಡುವೆಯಾಗಲಿ, ಆಹಾರ ಹುಡುಕಿ ಹೋಗಿರುವ ವೇಳೆಯಲ್ಲಾಗಲಿ, ಮರಿಗಳು ಕೆಲವು ತಾಸು ಒಂಟಿಯಾಗಿರುವವು. ಮರಿಗಳು ಬೆಚ್ಚಗೆ ಸುಮ್ಮನೆ ಮಲಗಿದ್ದರೆ, ದೂರದಲ್ಲಿ ನಿಂತು ತಾಯಿಯ ದಾರಿಯನ್ನು ಕಾಯುವದೇ ಮೊದಲನೆಯ ಉಪಕಾರ. ನಾವು ಕರುಣೆಯೆಂದು ಮಾಡಿದ್ದು ಅಪಹರಣವಾಗಿತ್ತು.

ಮುಂದಿನದು ಇನ್ನೂ ಕೆಟ್ಟದ್ದು. ಹಸುವಿನ ಹಾಲನ್ನು ಬತ್ತಿಯಲ್ಲಿ ಅದ್ದಿ, ಕೂಸುಗಳಿಗೆ ಒಳಲೆಯಲ್ಲಿ ಹಾಲೆರೆಯುವಂತೆ ಮರಿಗಳನ್ನು ಅಂಗಾತ ಮಲಗಿಸಿ ಕುಡಿಸಿದೆವು. ಮೂರನೆಯ ದಿನ ಬೆಳಿಗ್ಗೆ ಅತ್ಯಂತ ಚಿಕ್ಕದಾದ ಬಿಳಿಯ ಮರಿಯು ಸತ್ತುಬಿದ್ದಿತ್ತು. ಮಗುವು ಅದನ್ನು ಪೇರಳೆಯ ಗಿಡದ ಬುಡದಲ್ಲಿ ಹೂಳಿಟ್ಟು, ಆ ದಿನ ಶಾಲೆಗೆ ಹೋಗಲೊಲ್ಲೆನೆಂದಳು. ನಾವು ಉಳಿದೆರಡನ್ನು ಪಶುವೈದ್ಯರಲ್ಲಿಗೆ ಒಯ್ದೆವು. ಅವರು ನಮ್ಮನ್ನು ಗದರಿಸದೆ, ಹೀಗೆ ವಿವರಿಸಿದರು:

ಹುಟ್ಟಿದ ಮರಿಗೆ ಮೊದಲನೆಯ ಕೆಲವು ವಾರ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಮೈ ತಣ್ಣಗಾದ ಮರಿಯ ಹೊಟ್ಟೆಯು ಹಾಲನ್ನು ಜೀರ್ಣಿಸಲಾರದು. ಆದ್ದರಿಂದ ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯನ್ನು ಪಕ್ಕದಲ್ಲಿಟ್ಟು ಮೊದಲು ಅದನ್ನು ಬೆಚ್ಚಗೆ ಮಾಡಬೇಕು, ಆಮೇಲೆ ಉಣಿಸಬೇಕು. ತಾಯಿಯ ಮೊಲೆಯಲ್ಲಿ ಕುಡಿಯುವಂತೆ ಹೊಟ್ಟೆ ಕೆಳಗಾಗಿಯೇ ಕುಡಿಸತಕ್ಕದ್ದು. ಅಂಗಾತವಾಗಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವದುಂಟು. ಹಸುವಿನ ಹಾಲಿನಲ್ಲಿ ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನೂ ಕೊಬ್ಬೂ ಇಲ್ಲ, ಅದರಿಂದ ಭೇದಿಯೂ ಆಗುವದು. ಮರಿಗಳಿಗಾಗಿಯೇ ಮಾಡಿದ ಹಾಲಿನ ಪುಡಿ ಔಷಧದ ಅಂಗಡಿಯಲ್ಲಿ ಸಿಕ್ಕುತ್ತದೆ. ಇದಲ್ಲದೆ, ಮೂರು ವಾರದವರೆಗೆ ಮರಿಯು ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿಯು ನೆಕ್ಕಿ ಮಾಡಿಸುವ ಆ ಕಾರ್ಯವನ್ನು ನಾವು ಪ್ರತಿ ಊಟದ ತರುವಾಯ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ ಮಾಡಿಸಬೇಕು. ಇಷ್ಟನ್ನೂ ಎರಡು ಮೂರು ತಾಸಿಗೊಮ್ಮೆ, ರಾತ್ರಿಯಲ್ಲಿಯೂ! ಗಡಿಯಾರದ ಎಚ್ಚರಿಕೆಯ ಗಂಟೆಯನ್ನಿಟ್ಟುಕೊಂಡು ಸರದಿಯಂತೆ ಎದ್ದೆವು. ಬೆಕ್ಕೆಂದರೆ ಮುಖ ಸಿಂಡರಿಸುತ್ತಿದ್ದ ನಮ್ಮ ತಾಯಿಯವರೇ ನಡುರಾತ್ರಿಯ ಸರದಿಯನ್ನು ಕೇಳಿ ತೆಗೆದುಕೊಂಡರು. ಓಡಿಸಿದ ಕೋಲಿನ ನೆನಪಿನಿಂದಲೋ ಏನೋ, ನಾವು ಕೇಳಲಿಲ್ಲ.

ಹೀಗೆ ಉಳಿದವು ಚಿಕ್ಕಿ ಮತ್ತು ಬೂದ. ಅವು ಬೆಳೆದು ಅನ್ನಕ್ಕೆ ಬಂದಾಗ ಆಹಾರದ ಪ್ರಶ್ನೆ ಎದ್ದಿತು. ನಮ್ಮಲ್ಲಿ ಬೆಕ್ಕು ಎಂದರೆ ಹಾಲು ಎಂದೇ ಎಣಿಕೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿತೆಂದರೆ ರಾಯನ ಸಭೆಯೇ ಬೆರಗಾಯಿತಂತೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯು ಜೀರ್ಣವಾಗುವದಿಲ್ಲವಾದ್ದರಿಂದ, ಆ ಬೆಕ್ಕು ಓಡಿದ್ದು ಅದರ ಹೊಟ್ಟೆಗೆ ಒಳ್ಳೆಯದೇ ಆಯಿತು. ನಾವು ಕೆಲವು ತಿಂಗಳು ಹಾಲು ಅನ್ನವನ್ನೇ ಹಾಕಿದೆವು. ಬೆಕ್ಕು ನಾಯಿಯಂತಲ್ಲ, ಮಾಂಸವಿಲ್ಲದೆ ಬಾಳಲಾರದು. ಮೀನು ಮಾಂಸಗಳಲ್ಲಿರುವ ಟಾರಿನ್ ಎಂಬ ಪದಾರ್ಥವನ್ನು ನಮ್ಮ ಶರೀರವು ತಾನೇ ತಯಾರಿಸಿಕೊಳ್ಳುವದು, ಬೆಕ್ಕಿನ ಶರೀರಕ್ಕೆ ಅದು ಸಾಕಾಗುವಷ್ಟು ಸಾಧ್ಯವಿಲ್ಲ. ಟಾರಿನ್ ಇಲ್ಲದಿದ್ದರೆ ಬೆಕ್ಕಿನ ಕಣ್ಣಿನ ಒಳಪೊರೆಯು ಕೆಡುವದೆಂದು 1975ರಲ್ಲಿಯೂ, ಹೃದಯವು ಸಡಿಲಾಗಿ ಹಿಗ್ಗುವದೆಂದು 1987ರಲ್ಲಿಯೂ ಅಮೇರಿಕದ ವಿಜ್ಞಾನಿಗಳು ಪ್ರಕಟಿಸಿದರು. ಸಿಹಿಯ ರುಚಿಯೂ ಬೆಕ್ಕಿಗೆ ತಿಳಿಯದು. ಅದಕ್ಕೆ ಕಾರಣವಾದ ಜೀನಿನ ದೋಷವು 2005ರಲ್ಲಿ ಗೊತ್ತಾಯಿತು. ಹಬ್ಬದ ದಿನ ಪಾಯಸವನ್ನು ಬೆಕ್ಕಿನ ತಟ್ಟೆಗೂ ಹಾಕುತ್ತಿದ್ದ ನಮ್ಮ ತಾಯಿಯವರು ಇದನ್ನು ಕೇಳಿ ಬಹಳ ನೊಂದುಕೊಂಡರು. ಈಗ ಮೀನಿನವಳು ಬಂದಾಗ ಬೂತಾಯಿಯನ್ನು ಆರಿಸಿ ಬೇಯಿಸಿ ಮುಳ್ಳು ತೆಗೆಯುವವರು ಅವರೇ. ನೀರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕ್ಕೆ ವಿಷವಾದ್ದರಿಂದ ನಮ್ಮ ಪದಾರ್ಥದ ರಸವನ್ನು ಅದಕ್ಕೆ ಹಾಕಕೂಡದು. ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಗುಳಿಗೆ ಕೊಡುವದಂತೂ ಪ್ರಾಣ ತೆಗೆದಂತೆಯೇ. ಒಂದೇ ಗುಳಿಗೆ ಸಾಕು.

ಚಿಕ್ಕಿಯ ಮೈಮೇಲೆ ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣಗಳುಂಟು. ಅಂಥಾ ಬೆಕ್ಕು ಬಹುತರವಾಗಿ ಹೆಣ್ಣೇ. ಕೇಸರಿಯೋ ಕಪ್ಪೋ ಎಂಬದನ್ನು ನಿರ್ಣಯಿಸುವ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಹೆಣ್ಣಿನ ಒಂದೊಂದು ಜೀವಕೋಶದಲ್ಲಿಯೂ ಎರಡರಲ್ಲೊಂದು ನಿದ್ರಿಸುವದೆಂದು 1961ರಲ್ಲಿ ಹೇಳಿದವರು ಇಂಗ್ಲೆಂಡಿನ ಮೇರಿ ಲಯನ್ ಎಂಬ ವಿದುಷಿ. ಅವರು ನೋಡಿದ್ದು ಇಲಿಗಳ ಬಣ್ಣವನ್ನು. ಆ ಕೇಸರಿ ಜೀನು ಇಂಥದೇ ಎಂದು ಜಪಾನಿನವರೂ ಅಮೇರಿಕದವರೂ 2025ರಲ್ಲಿ ಗುರುತಿಸಿದರು. ಹತ್ತನೆಯ ತರಗತಿಯವರಿಗೆ ಈ ಪಾಠ ಬಂದಾಗ ಚಿಕ್ಕಿಯನ್ನು ಮೇಜಿನ ಮೇಲೆ ಕೂರಿಸುತ್ತೇವೆ. ಪಟಕ್ಕಿಂತ ಅದು ಉತ್ತಮ, ಓಡಿಹೋಗದಿದ್ದರೆ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವದು. 2022ರ ಡಿಸೆಂಬರಿನಲ್ಲಿ ತಂಗಿಯ ಮಗಳು ಊಟಕ್ಕೆ ಕುಳಿತಾಗ ಚಮಚೆಯನ್ನು ಕೇಳಿದಳು. ಎಂದೂ ಕೇಳಿದವಳಲ್ಲ. ತೋಳಿನ ಅಂಗಿಯನ್ನು ಮೇಲಕ್ಕೆ ಸರಿಸಿ ನೋಡಲಾಗಿ, ಬಲಮಣಿಕಟ್ಟು ಕೆಂಪಾಗಿ ಊದಿತ್ತು. ಎರಡು ಸಣ್ಣ ತೂತುಗಳ ಮೇಲೆ ಅರಸಿನ ಮೆತ್ತಿತ್ತು. ಗುರುತಿಲ್ಲದ ಗಂಡುಬೆಕ್ಕೊಂದು ಬೂದನ ಮೇಲೆ ಬಿದ್ದಾಗ ಇವಳು ಬಿಡಿಸಲು ಕೈಹಾಕಿದ್ದಳು. ಅದು ನಡೆದು ಎರಡು ದಿವಸಗಳಾಗಿದ್ದವು.

ಯಾಕೆ ಹೇಳಲಿಲ್ಲವೆಂದು ಕೇಳಿದೆವು. “ಹೊಟ್ಟೆಗೆ 14 ಸೂಜಿ ಹಾಕುತ್ತಾರೆಂದು ಅಜ್ಜಿ ಹೇಳಿದ್ದಾರೆ. ಮತ್ತೆ ನೀವು, ಬೆಕ್ಕಿನಿಂದ ಗಾಯವಾದರೆ ಎರಡನ್ನೂ ಹೊರಗೆ ಕಳುಹಿಸುತ್ತೇನೆಂದಿರಿ,” ಎಂದಳು. ಹೌದು, ಎಂದೋ ಪರದೆ ಹರಿದಾಗ ಕೋಪದಲ್ಲಿ ಹಾಗೆ ಅಂದಿದ್ದೆವು. ನಾವು ಮರೆತ ಮಾತನ್ನು ಮಗುವು ಕಾನೂನಿನಂತೆ ನೆನಪಿಟ್ಟುಕೊಂಡು, ಬೆಕ್ಕುಗಳನ್ನುಳಿಸುವದಕ್ಕೋಸ್ಕರ ತನ್ನ ಪ್ರಾಣವನ್ನೇ ಪಣವಾಗಿಟ್ಟಿತ್ತು.

ಅಜ್ಜಿಯ ಮಾತೂ ಸುಳ್ಳಲ್ಲ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬವರು ಕಂಡುಹಿಡಿದ ಹಳೆಯ ಲಸಿಕೆಯನ್ನು ಹೊಟ್ಟೆಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದರು. ಕೂನೂರಿನಲ್ಲಿ 1907ರಲ್ಲಿ ಸ್ಥಾಪಿತವಾದ ಪಾಸ್ಚರ್ ಸಂಸ್ಥೆಗೆ ಬೆಟ್ಟ ಹತ್ತಿ ಹೋದವರ ಕಥೆಗಳನ್ನು ನಮ್ಮ ತಾಯಿಯವರು ಬಾಲ್ಯದಲ್ಲಿ ಕೇಳಿದ್ದರು. ಆ ಲಸಿಕೆಯನ್ನು ನಮ್ಮ ದೇಶದಲ್ಲಿ ಮಾಡುವದು 2004ರಲ್ಲಿ ನಿಂತುಹೋಯಿತು. ಅದರ ಭಯ ಮಾತ್ರ ನಿಂತಿಲ್ಲ. ಈಗಿನ ಲಸಿಕೆಯನ್ನು ತೋಳಿಗೆ ಕೊಡುತ್ತಾರೆ. ಚರ್ಮದಲ್ಲಿ ಕೊಡುವ ಕ್ರಮದಲ್ಲಿ ಮೊದಲನೆಯ ದಿನ, ಅದರಿಂದ ಎಣಿಸಿ 3, 7 ಮತ್ತು 28 ದಿನಗಳಾದ ಮೇಲೆ, ಹೀಗೆ ನಾಲ್ಕು ಸಾರಿ ಹೋದರೆ ಮುಗಿಯಿತು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತಲೂ ಬೇರೊಂದು ಔಷಧವನ್ನೂ ಚುಚ್ಚುತ್ತಾರೆ. ರೇಬೀಸ್ ರೋಗವು ನಾಯಿಯಿಂದ ಮಾತ್ರ ಬರುವದೆಂದು ಎಣಿಸಬಾರದು, ಬೆಕ್ಕಿನಿಂದಲೂ ಬರುವದು. ರೋಗದ ಲಕ್ಷಣಗಳು ತೋರಿದ ಮೇಲೆ ಉಳಿಯುವದು ಇಲ್ಲವೆಂಬಷ್ಟು ಅಪೂರ್ವ.

ಕಚ್ಚಿದ ಕೂಡಲೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ಣ 15 ನಿಮಿಷ ತೊಳೆಯಬೇಕು. ಅರಸಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಇವು ಯಾವವೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡವಾಗಿದ್ದರೂ ಹೋಗಲೇಬೇಕು. ಬೆಕ್ಕಿನ ಹಲ್ಲು ಸಪುರವಾದದ್ದರಿಂದ ಗಾಯದ ಬಾಯಿ ಬೇಗ ಮುಚ್ಚಿ, ಕೀವು ಒಳಗೇ ಬೆಳೆಯುವದು. ಆಕೆಯ ಕೈಯಲ್ಲಿ ಆದದ್ದೂ ಇದೇ. ವೈದ್ಯರು ಅದಕ್ಕೂ ಬೇರೆ ಔಷಧ ಕೊಟ್ಟರು. ಆ 28 ದಿನಗಳಲ್ಲಿ ನಮ್ಮ ತಾಯಿಯವರು ಸರಿಯಾಗಿ ಉಂಡದ್ದನ್ನು ನಾವು ಕಾಣೆವು.

ನಮ್ಮ ಬೆಕ್ಕುಗಳಿಗೆ ಮೂರು ತಿಂಗಳಾದಾಗಲೇ ರೇಬೀಸ್ ಲಸಿಕೆ ಹಾಕಿಸಿದ್ದೆವು, ವರುಷಕ್ಕೊಮ್ಮೆ ಹಾಕಿಸುತ್ತಲೂ ಇದ್ದೇವೆ. ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆಯನ್ನು ಬೂದನಿಗೂ ಆಗ ಮಾಡಿಸಿದೆವು. ಚಿಕ್ಕಿಗೆ ಮೊದಲೇ ಆಗಿತ್ತು. ಅಂದಿನಿಂದ ಅವನ ಜಗಳಗಳು ಬಹಳ ಕಡಿಮೆಯಾದವು. ಕೊನೆಯ ಚುಚ್ಚುಮದ್ದಿನ ದಿನ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಏನೇ ಗಾಯವಾದರೂ ಬೆಕ್ಕುಗಳು ಈ ಮನೆಯಲ್ಲಿಯೇ ಇರುವವೆಂದು ಮಾತು ಕೊಟ್ಟೆವು. ಆಕೆಯು ಅದನ್ನು ಕಾಗದದಲ್ಲಿ ಬರೆದು ಕೊಡಬೇಕೆಂದಳು; ಕೊಟ್ಟೆವು. ಆ ಕಾಗದವು ಅಡಿಗೆಮನೆಯ ಪಂಚಾಂಗದ ಮಗ್ಗುಲಲ್ಲಿ ಅಂಟಿಸಲ್ಪಟ್ಟಿದೆ. ಈಗ ಗುಲಾಬಿಯ ಮುಳ್ಳು ತಾಗಿದರೂ ಬಂದು ತೋರಿಸುತ್ತಾಳೆ. ಹೋದ ಸಾರಿ ಶಾಲೆಯ ಆಡಳಿತ ಸಮಿತಿಯ ಕೂಟವು ನಡೆಯುತ್ತಿರುವಾಗಲೇ ಬಾಗಿಲು ತಟ್ಟಿ ಒಳಗೆ ಬಂದು, ಚಿಕ್ಕಿಯು ಪರಚಿದ ಬೆರಳನ್ನು ಮುಂದೆ ಚಾಚಿದಳು. ಗಾಯವನ್ನು ಸಾಬೂನಿನಲ್ಲಿ ತೊಳೆದು ಬರುವವರೆಗೆ ಸಮಿತಿಯವರು ಕಾಯಬೇಕಾಯಿತು.