ಯಾವ ನಂಬರಿಗೆ ಫೋನ್ ಮಾಡಲಿ?

ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ. ಮಗನಿಗೆ ಇಪ್ಪತ್ತು ವರ್ಷ, ಎಂಜಿನಿಯರಿಂಗ್ ಮೂರನೇ ವರ್ಷ. ಕೆಲವು ತಿಂಗಳಿಂದ ಊಟಕ್ಕೆ ಕರೆದರೆ ಬರುವುದಿಲ್ಲ, ಮಧ್ಯರಾತ್ರಿ ಎದ್ದು ಅಡುಗೆಮನೆಯಲ್ಲಿ ಡಬ್ಬಿ ತಡಕುತ್ತಾನೆ. ದೇವರಿಗೆ ಕೈ ಮುಗಿಯದವನು ರೂಮಿನಲ್ಲಿ ಊದುಬತ್ತಿ ಹಚ್ಚತೊಡಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಕಳೆದ ವಾರ ಅವನ ಬ್ಯಾಗು ಒಗೆಯಲು ತೆಗೆದರೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಣಸೊಪ್ಪು, ತೆಳ್ಳನೆಯ ಕಾಗದ, ಕಣ್ಣಿಗೆ ಹಾಕುವ ಡ್ರಾಪ್ಸ್. ಒಳಗೆ ಹಲ್ಲುಗಳಿರುವ ಒಂದು ಪುಟ್ಟ ಡಬ್ಬಿ. ಏಲಕ್ಕಿ ಪುಡಿ ಮಾಡುವುದೇನೋ ಅಂದುಕೊಂಡೆ. ಕೇಳಿದ್ದಕ್ಕೆ, "ಅದು ಗಿಡ ಅಮ್ಮಾ, ಕೆಮಿಕಲ್ ಅಲ್ಲ. ಕಾಲೇಜಲ್ಲಿ ಎಲ್ರೂ ಸೇದ್ತಾರೆ" ಅಂದ. ನಮ್ಮ ಮನೆಯವರು, ಗೊತ್ತಿರುವ ಪೊಲೀಸರಿಗೆ ಹೇಳಿ ಒಂದು ಸಲ ಹೆದರಿಸೋಣ ಅನ್ನುತ್ತಾರೆ. ನನ್ನ ಅಣ್ಣ, ಊರಾಚೆ ಒಂದು ಕೇಂದ್ರವಿದೆ, ರಾತ್ರಿ ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ, ಆರು ತಿಂಗಳಲ್ಲಿ ಸರಿಹೋಗುತ್ತಾನೆ ಅನ್ನುತ್ತಾನೆ. ಜೂನ್ 26ರಂದು, ಮಾದಕವಸ್ತು ವಿರೋಧಿ ದಿನದಂದು, ಶಾಲೆ ಮಕ್ಕಳ ಜಾಥಾ ನಮ್ಮ ರಸ್ತೆಯಲ್ಲೇ ಹೋಯಿತು. ಬ್ಯಾನರಿನಲ್ಲಿ ಎರಡು ನಂಬರಿದ್ದವು. ಯಾವುದಕ್ಕೆ ಮಾಡಿದರೆ ಮಗ ಜೈಲಿಗೆ ಹೋಗುವುದಿಲ್ಲ? ಪೊಟ್ಟಣ ನನ್ನ ಸೀರೆ ಬೀರುವಿನಲ್ಲಿದೆ, ಇನ್ನೂ ಬಿಸಾಡಿಲ್ಲ.

— ಒಬ್ಬ ತಾಯಿ

ಮೊದಲು ಬೀರುವಿನ ವಿಷಯ. ಆ ಪೊಟ್ಟಣವನ್ನು ಸಾಕ್ಷಿ ಅಂತ ಇಟ್ಟುಕೊಂಡಿದ್ದೀರಿ, ಆದರೆ ಕಾನೂನು ಕೇಳುವುದು ಅದು ಯಾರ ಬಳಿ ಇದೆ ಎಂದು. ಈಗ ಅದು ನಿಮ್ಮ ಬಳಿ ಇದೆ. ಮಗನನ್ನು ಕರೆದು, ಅವನ ಎದುರಿಗೇ ಕಕ್ಕಸಿಗೆ ಸುರಿದು ನೀರು ಬಿಡಿ. ಆ ಹೊತ್ತಿಗೆ ಭಾಷಣ ಬೇಡ, ಅಳುವುದೂ ಬೇಡ. "ಇದು ಮನೆಯಲ್ಲಿ ಇರೋ ಹಾಗಿಲ್ಲ, ನಾಳೆ ಬೆಳಗ್ಗೆ ಕೂತು ಮಾತಾಡೋಣ" ಅಂದರೆ ಸಾಕು.

ಪೊಲೀಸರಿಂದ "ಒಂದು ಸಲ ಹೆದರಿಸುವುದು" ಎಂಬುದನ್ನು ನಿಮ್ಮ ಯಜಮಾನರು ದಯವಿಟ್ಟು ಮರೆಯಲಿ. ಪೊಲೀಸರೇನು ಗುಮ್ಮ ಅಲ್ಲವಲ್ಲ, ಬಂದು ಹೆದರಿಸಿ ಕಾಫಿ ಕುಡಿದು ಹೋಗಲು. 1985ರ ಮಾದಕವಸ್ತು ಕಾಯ್ದೆ, ಎಲ್ಲರ ಬಾಯಲ್ಲಿ ಎನ್‌ಡಿಪಿಎಸ್, ಸೇವನೆಯನ್ನೂ ಅಪರಾಧವೆಂದೇ ಎಣಿಸುತ್ತದೆ. 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಎಫ್‌ಐಆರ್ ಆದ ಮೇಲೆ ನಿಮ್ಮ ಪರಿಚಯದ ಇನ್ಸ್‌ಪೆಕ್ಟರ್ ಕೂಡ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರರು. ಮುಂದೆ ಪಾಸ್‌ಪೋರ್ಟಿಗೋ ಕೆಲಸಕ್ಕೋ ಪೊಲೀಸ್ ವೆರಿಫಿಕೇಶನ್ ಬಂದಾಗ ಅದು ಎದ್ದು ಕೂರುತ್ತದೆ.

ಇದೇ ಕಾಯ್ದೆಯೊಳಗೆ ಇನ್ನೊಂದು ಬಾಗಿಲಿದೆ, ಅದನ್ನು ಯಾವ ಜಾಥಾದಲ್ಲೂ ಕೂಗಿ ಹೇಳಿದ್ದನ್ನು ನಾನು ಕೇಳಿಲ್ಲ. 64ಎ ಸೆಕ್ಷನ್. ಚಟಕ್ಕೆ ಬಿದ್ದವನ ಮೇಲೆ ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸು ಇದ್ದರೂ, ಅವನು ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವನನ್ನು ವಿಚಾರಣೆಗೆ ಎಳೆಯುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ನಿಮ್ಮ ಮಗನ ಮೇಲೆ ಕೇಸೇ ಇಲ್ಲ, ಆದ್ದರಿಂದ ನಿಮ್ಮ ದಾರಿ ಇನ್ನೂ ಸಲೀಸು. ಡಾಕ್ಟರಿಗೆ ಹೇಳಿದ್ದು ಗೋಪ್ಯವಾಗಿ ಉಳಿಯಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಚಿಕಿತ್ಸೆ ಕೇಳಿ ಬಂದವನನ್ನು ಆಸ್ಪತ್ರೆ ಪೊಲೀಸರಿಗೆ ಹಿಡಿದುಕೊಡುತ್ತದೆ ಎಂಬ ಭಯ ಬೇಡ.

ಈಗ ನಂಬರುಗಳು. 1933 ನಾರ್ಕೋಟಿಕ್ಸ್ ಕಂಟ್ರೋಲ್ ಬ್ಯೂರೋದ್ದು, 2024ರ ಜುಲೈನಲ್ಲಿ ಶುರುವಾಯಿತು. ಮುಖ್ಯವಾಗಿ ಮಾರುವವರ, ಸಾಗಿಸುವವರ ಸುಳಿವು ಕೊಡಲು ಇರುವ ನಂಬರು ಅದು. ನಿಮ್ಮ ಹೆಸರು ಹೇಳಬೇಕಾಗಿಲ್ಲ. 14446 ಸಾಮಾಜಿಕ ನ್ಯಾಯ ಸಚಿವಾಲಯದ್ದು, ಚಟ ಬಿಡಿಸಲು ಸಲಹೆ ಕೇಳುವವರಿಗೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾ ಮುಕ್ತ ಭಾರತ ಅಭಿಯಾನವನ್ನು ನಡೆಸುತ್ತಿರುವುದೂ ಆ ಸಚಿವಾಲಯವೇ. ಹಿಡಿಯುವ ಕೈ ಒಂದು, ಆರೈಕೆ ಮಾಡುವ ಕೈ ಇನ್ನೊಂದು. ಎರಡನ್ನೂ ಒಂದೇ ಬ್ಯಾನರಿನಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಯಾವುದು ಯಾತಕ್ಕೆ ಎಂದು ಹೇಳದೆ ಬರೆದರೆ ನಿಮ್ಮಂಥ ತಾಯಂದಿರು ಯಾವುದಕ್ಕೂ ಮಾಡುವುದಿಲ್ಲ. ಜಾಥಾ ಏರ್ಪಡಿಸುವವರ ಮೇಲೆ ನನಗಿರುವ ಸಿಟ್ಟು ಅದೊಂದೇ. ನೀವು 14446ಕ್ಕೆ ಮಾಡಿ. ನಿಮಗೇ ನಿದ್ದೆ ಕೆಟ್ಟಿದ್ದರೆ 14416 ಟೆಲಿ ಮಾನಸ್ ಇದೆ, ಕನ್ನಡದಲ್ಲೇ ಮಾತಾಡಬಹುದು.

ಬೆಳಗಿನ ಮಾತುಕತೆಗೆ ಬರೋಣ. ಕಣ್ಣು ಕೆಂಪಗಿರುವಾಗ ಬೇಡ, ಅತ್ತೆ ಮಾವ ಸುತ್ತ ಕೂತಿರುವಾಗಲೂ ಬೇಡ. "ಯಾಕೋ ಹೀಗೆ ಮಾಡ್ದೆ" ಅನ್ನುವ ಪ್ರಶ್ನೆಗೆ ಯಾವ ಹುಡುಗನ ಹತ್ತಿರವೂ ಉತ್ತರವಿರುವುದಿಲ್ಲ. ಉತ್ತರವಿರುವ ಪ್ರಶ್ನೆ ಕೇಳಿ: ದಿನಾ ಬೇಕಾ, ಶನಿವಾರ ಭಾನುವಾರ ಮಾತ್ರಾನಾ? ಸೇದದಿದ್ದ ರಾತ್ರಿ ನಿದ್ದೆ ಬರುತ್ತಾ? ಸೊಪ್ಪು ಬಿಟ್ಟು ಬೇರೆ ಏನಾದ್ರೂ, ಮಾತ್ರೆ, ಪುಡಿ? ಫ್ರೆಂಡ್ಸಿಗೂ ನೀನೇ ತಂದುಕೊಡ್ತೀಯಾ?

ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ. ಬಿಟಿಎಂನ ಪಿಜಿಗಳಲ್ಲಿ, ಜೆ.ಪಿ. ನಗರದ ರೂಮುಗಳಲ್ಲಿ ನಾಲ್ಕು ಜನ ಫೋನ್‌ಪೇನಲ್ಲಿ ದುಡ್ಡು ಸೇರಿಸಿ ಒಬ್ಬನನ್ನು ಕಳಿಸುತ್ತಾರೆ. ಹೋಗಿ ತಂದವನು ತಾನು ಮಾರಿದೆ ಎಂದು ಕನಸಿನಲ್ಲೂ ಅಂದುಕೊಂಡಿರುವುದಿಲ್ಲ. ಕಾನೂನಿನ ಕಣ್ಣಿಗೆ ಮಾತ್ರ ಅದು ಬರೀ ಸೇವನೆಯಲ್ಲ, ಖರೀದಿ, ಸಾಗಾಟ. ಹಣದ ಜಾಡಂತೂ ಫೋನಿನಲ್ಲೇ ಇರುತ್ತದೆ. ಗಾಂಜಾದಲ್ಲಿ ಒಂದು ಕಿಲೋವರೆಗೂ ಅಲ್ಪ ಪ್ರಮಾಣ, ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು ಆದರೆ ಅರ್ಧ ಗ್ರಾಂ ಮಾತ್ರ. ಎಂಡಿಎಂಎ ಹತ್ತು ಗ್ರಾಂ ದಾಟಿದರೆ ಕನಿಷ್ಠ ಹತ್ತು ವರ್ಷ ಕಠಿಣ ಸಜೆ, ಜಾಮೀನೂ ಬಲು ಕಷ್ಟ. ಈ ಲೆಕ್ಕವನ್ನು ಮಗನಿಗೆ ಬೆದರಿಕೆಯಂತಲ್ಲ, ಮಾಹಿತಿಯಂತೆ ಹೇಳಿ. ಎಂಜಿನಿಯರಿಂಗ್ ಹುಡುಗ, ಅಂಕಿ ಅರ್ಥವಾಗುತ್ತದೆ.

"ಗಿಡ" ಎಂಬ ವಾದಕ್ಕೂ ಎರಡು ಮಾತು. ನಮ್ಮಲ್ಲಿ ಶಿವರಾತ್ರಿಯ ಭಂಗಿ ಇತ್ತು, ಯಾದಗಿರಿ ರಾಯಚೂರು ಕಡೆಯ ಕೆಲವು ಮಠಗಳಲ್ಲಿ ಗಾಂಜಾ ಪ್ರಸಾದದಂತೆ ನಡೆದುಬಂದಿದೆ, ಸುಳ್ಳೇನಲ್ಲ. ಆದರೆ ಈಗ ಹುಡುಗರು ಬಾಯಿ ಬಾಯಿ ಬಿಡುವ ಹೈಡ್ರೋ ಗಾಂಜಾ ಹೊಲದ್ದಲ್ಲ. ಕೋಣೆಯೊಳಗೆ ದೀಪದ ಕೆಳಗೆ, ಅಮಲಿನ ಅಂಶ ಹೆಚ್ಚುವಂತೆ ಬೆಳೆಸಿದ್ದು. 2022ರಲ್ಲಿ ಥಾಯ್ಲೆಂಡ್ ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ಬ್ಯಾಂಕಾಕಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಬರುವ ಸೂಟ್‌ಕೇಸುಗಳಲ್ಲಿ ಕಸ್ಟಮ್ಸ್‌ನವರು ಮತ್ತೆ ಮತ್ತೆ ಹಿಡಿಯುತ್ತಿರುವುದು ಈ ಹೈಡ್ರೋ ಗಾಂಜಾವನ್ನೇ. ಎಳೆಯ ವಯಸ್ಸಿನಲ್ಲಿ ದಿನವೂ ಇಂಥದ್ದನ್ನು ಸೇದಿದರೆ ಕೆಲವರಿಗೆ ಭ್ರಮೆ, ವಿಪರೀತ ಸಂಶಯ ಶುರುವಾಗುತ್ತದೆ. ಯಾರೋ ಮಾತಾಡುತ್ತಿದ್ದಾರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಅವನು ಹೇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ನಿಮ್ಮ ಅಣ್ಣನವರ ಕಳಕಳಿ ನಿಜವಾದದ್ದೇ, ಉಪಾಯ ಮಾತ್ರ ಅಪಾಯದ್ದು. ಇಪ್ಪತ್ತು ವರ್ಷದ, ಬುದ್ಧಿ ಸ್ವಾಧೀನದಲ್ಲಿರುವ ಹುಡುಗನನ್ನು ಅವನ ಒಪ್ಪಿಗೆಯಿಲ್ಲದೆ ಎತ್ತಿಕೊಂಡು ಹೋಗಿ ಕೂಡಿಹಾಕುವುದಕ್ಕೆ 2017ರ ಕಾಯ್ದೆಯಲ್ಲಿ ಜಾಗವಿಲ್ಲ. ತನಗೋ ಬೇರೆಯವರಿಗೋ ಅಪಾಯ ತಂದೊಡ್ಡುವ ಸ್ಥಿತಿಯಲ್ಲಿದ್ದರೂ, ಮನೋವೈದ್ಯರು ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ ಬರೆದ ಮೇಲೆ, ಮೊದಲಿಗೆ ಮೂವತ್ತು ದಿನ ಮಾತ್ರ. ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಅಣ್ಣನವರಿಗೆ ಹೇಳಿ ಆ ಕೇಂದ್ರದವರನ್ನು ಇಷ್ಟು ಕೇಳಿಸಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮೊದಲ ವಾರ ಮಗನನ್ನು ನೋಡಲು ಬಿಡುತ್ತೀರಾ? "ಮೂರು ತಿಂಗಳು ಯಾರೂ ಬರೋ ಹಾಗಿಲ್ಲ" ಅಂದರೆ ಫೋನ್ ಇಟ್ಟುಬಿಡಲಿ. ಅಂಥ ಕಡೆಯಿಂದ ಮರಳಿದ ಹುಡುಗರು ಗಾಂಜಾಕ್ಕಿಂತ ಮೊದಲು ಅಪ್ಪ ಅಮ್ಮನನ್ನು ಬಿಟ್ಟಿರುತ್ತಾರೆ.

ನೀವಿರುವ ಕಡೆಯಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. "ನಿಮ್ಹಾನ್ಸಾ? ನಾನೇನು ಹುಚ್ಚನಾ?" ಅಂತ ಮಗ ಖಂಡಿತ ಕೇಳುತ್ತಾನೆ, ಬೆಂಗಳೂರಿನಲ್ಲಿ ಬೆಳೆದ ಯಾರೂ ಆ ಹೆಸರನ್ನು ತಮಾಷೆಗೆ ಬಳಸದೆ ಬಿಟ್ಟಿಲ್ಲ. ಹಾಗಿದ್ದರೆ ಬಿಟಿಎಂ ಬಡಾವಣೆಯಲ್ಲಿ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ, ಆಸ್ಪತ್ರೆಯ ಆವರಣದಿಂದ ಹೊರಗೆ. ಮೊದಲ ಮಾತು ಅಲ್ಲಾಗಲಿ. ಗಾಂಜಾ ಬಿಡಿಸುವ ಮಾತ್ರೆ ಅಂತ ಒಂದಿಲ್ಲ. ಬಹುಪಾಲು ಮಾತಿನ ಚಿಕಿತ್ಸೆ, ಬೇಕಾದರೆ ನಿದ್ದೆಗೆ, ತಳಮಳಕ್ಕೆ ಔಷಧಿ. ಬಿಟ್ಟ ಮೊದಲ ಒಂದೆರಡು ವಾರ ಸಿಡುಕುತ್ತಾನೆ, ಅನ್ನ ಸೇರುವುದಿಲ್ಲ, ರಾತ್ರಿಯಿಡೀ ಹೊರಳಾಡುತ್ತಾನೆ. ಅದು ಮತ್ತೆ ಶುರು ಮಾಡಿದ ಲಕ್ಷಣವಲ್ಲ, ಬಿಟ್ಟದ್ದರ ಲಕ್ಷಣ. ಆಗ ಬ್ಯಾಗು ತಡಕಲು ಹೋಗಬೇಡಿ.

ಬರುವುದೇ ಇಲ್ಲ ಅಂದರೆ ನೀವಿಬ್ಬರೇ ಹೋಗಿ. ಮಗನಿಲ್ಲದೆಯೂ ತಂದೆ ತಾಯಿ ಸಲಹೆ ಪಡೆಯಬಹುದು. ಹೋಗಿ ಬಂದಿದ್ದನ್ನು ಅವನಿಂದ ಮುಚ್ಚಿಡಬೇಡಿ, ಮುಂದಿನ ಭೇಟಿಯ ತಾರೀಖನ್ನೂ ಹೇಳಿಬಿಡಿ. ಅತ್ತೆಯವರಿಗೆ ಸದ್ಯಕ್ಕೆ ತಿಳಿಸಬೇಕಾಗಿಲ್ಲ. ಯಜಮಾನರು ಆ ದಿನ ಅರ್ಧ ರಜೆ ಹಾಕಲಿ.